ಸರೋವರಗಳ ನಾಡಿನಲ್ಲಿ ಸಂಚಾರಿ ಮನೆ: ನ್ಯೂಜಿಲೆಂಡಿನ ಮೋಟಾರ್ ಹೋಂ ಪ್ರವಾಸೋದ್ಯಮ, ಒಂದು ಅವಲೋಕನ

ಪ್ರವಾಸಿಗರು ಎಂದೊಡನೆ ವಾಣಿಜ್ಯ ವಲಯದವರಾದ ನಮ್ಮ ಕಣ್ಣ ಮುಂದೆ ಬರುವುದು ಹೋಟೆಲು, ಟ್ಯಾಕ್ಸಿ ಮತ್ತು ಅಂಗಡಿ ಸಾಲು. ಪ್ರವಾಸಿಗನು ಊರಿಗೆ ಬರುತ್ತಾನೆ, ಕೊಠಡಿ ಹಿಡಿಯುತ್ತಾನೆ, ಊಟ ತಿಂಡಿಗೆ ಹಣ ಕೊಡುತ್ತಾನೆ, ನಾಲ್ಕು ವಸ್ತುಗಳನ್ನು ಕೊಂಡು ಹೊರಡುತ್ತಾನೆ. ಆದರೆ ಹಾಸಿಗೆ, ಅಡುಗೆಮನೆ, ಶೌಚಾಲಯಗಳನ್ನೆಲ್ಲ ತನ್ನ ವಾಹನದಲ್ಲಿಯೇ ತುಂಬಿಕೊಂಡು ಬರುವ ಪ್ರವಾಸಿಗನಿಂದ ಆ ಊರಿಗೆ ದೊರೆಯುವುದೇನು? ಅವನು ಅಲ್ಲಿ ಬಿಟ್ಟುಹೋಗುವುದೇನು? ಅದನ್ನು ತೆಗೆಯುವ ವೆಚ್ಚವನ್ನು ಭರಿಸಬೇಕಾದವರು ಯಾರು?

ಈ ಪ್ರಶ್ನೆಗಳನ್ನು ಅತ್ಯಂತ ಗಂಭೀರವಾಗಿ ಎದುರಿಸಿದ ದೇಶಗಳಲ್ಲಿ ನ್ಯೂಜಿಲೆಂಡ್ ಒಂದು. ಐವತ್ತು ಲಕ್ಷವನ್ನು ಸ್ವಲ್ಪವೇ ಮೀರಿದ ಜನಸಂಖ್ಯೆಯ ಈ ದೇಶದಲ್ಲಿ ಮೋಟಾರ್ ಹೋಂ ಪ್ರವಾಸವು ಒಂದು ಪೂರ್ಣ ಪ್ರಮಾಣದ ಉದ್ಯಮವಾಗಿ ಬೆಳೆದಿದೆ. ಅದರ ಮುಖ್ಯ ರಂಗಸ್ಥಳವೆಂದರೆ ದಕ್ಷಿಣ ದ್ವೀಪದ ಸರೋವರ ಪ್ರದೇಶ. ಆ ಪ್ರವಾಸ ಹೇಗಿರುತ್ತದೆ, ಅದರ ಹಿಂದಿನ ವ್ಯವಹಾರ ಹೇಗೆ ನಡೆಯುತ್ತದೆ ಮತ್ತು ಅದರಿಂದ ನಾವು ಗ್ರಹಿಸಬೇಕಾದುದೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೋಟಾರ್ ಹೋಂ ಎಂದರೇನು?

ಮೊದಲಿಗೆ ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ನ್ಯೂಜಿಲೆಂಡಿನಲ್ಲಿ ಕ್ಯಾರವಾನ್ ಎಂದರೆ ಕಾರಿನ ಹಿಂದೆ ಜೋಡಿಸಿ ಎಳೆದೊಯ್ಯುವ ಮನೆ. ಎಂಜಿನ್ ಮತ್ತು ಚಾಲಕನ ಆಸನ ಮನೆಯೊಂದಿಗೇ ಇದ್ದರೆ ಅದು ಮೋಟಾರ್ ಹೋಂ. ಸಾಮಾನ್ಯ ವ್ಯಾನಿನೊಳಗೆ ಹಾಸಿಗೆ ಮತ್ತು ಒಲೆಯನ್ನು ಅಳವಡಿಸಿದ್ದರೆ ಅದನ್ನು ಕ್ಯಾಂಪರ್ ವ್ಯಾನ್ ಎನ್ನುತ್ತಾರೆ. ನಮ್ಮಲ್ಲಿ ಈ ಮೂರಕ್ಕೂ ಕ್ಯಾರವಾನ್ ಎಂಬ ಒಂದೇ ಪದ ಬಳಕೆಯಲ್ಲಿದೆ.

ನಾಲ್ಕು ಜನರ ಕುಟುಂಬಕ್ಕೆ ಯೋಗ್ಯವಾದ ಮೋಟಾರ್ ಹೋಂನಲ್ಲಿ ಹಗಲು ಊಟದ ಮೇಜಾಗಿ ರಾತ್ರಿ ಹಾಸಿಗೆಯಾಗುವ ಆಸನಗಳು, ಅನಿಲದ ಒಲೆ, ಫ್ರಿಜ್, ಕೈ ತೊಳೆಯುವ ತೊಟ್ಟಿ, ಸ್ನಾನದ ಸಣ್ಣ ಕೋಣೆ ಮತ್ತು ಶೌಚಾಲಯ ಇರುತ್ತವೆ. ವಾಹನ ಚಲಾಯಿಸುವ ಬ್ಯಾಟರಿಯಲ್ಲದೆ ಮನೆಯ ದೀಪ, ನೀರಿನ ಪಂಪುಗಳಿಗಾಗಿ ಪ್ರತ್ಯೇಕ 12 ವೋಲ್ಟ್ ಬ್ಯಾಟರಿ ಇರುತ್ತದೆ. ವಿದ್ಯುತ್ ಸೌಲಭ್ಯವುಳ್ಳ ತಂಗುದಾಣದಲ್ಲಿ ತಂತಿಯನ್ನು ಜೋಡಿಸಿದರೆ ಮನೆಯೊಳಗಿನ ಎಲ್ಲ ಉಪಕರಣಗಳೂ ಕೆಲಸ ಮಾಡುತ್ತವೆ. ಇಲ್ಲದಿದ್ದರೆ ಬ್ಯಾಟರಿಯಲ್ಲಿರುವಷ್ಟೇ ಬೆಳಕು, ತೊಟ್ಟಿಯಲ್ಲಿರುವಷ್ಟೇ ನೀರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತಿನ ಅರ್ಥವನ್ನು ಇಂಥ ವಾಹನದಲ್ಲಿ ಎರಡು ರಾತ್ರಿ ಕಳೆದವರು ಚೆನ್ನಾಗಿ ಬಲ್ಲರು.

ಸರೋವರಗಳ ಹಾದಿ

ದಕ್ಷಿಣ ದ್ವೀಪದ ಮೋಟಾರ್ ಹೋಂ ಪ್ರವಾಸಗಳು ಬಹುಮಟ್ಟಿಗೆ ಕ್ರೈಸ್ಟ್‌ಚರ್ಚ್ ನಗರದಿಂದ ಆರಂಭವಾಗುತ್ತವೆ. ವಿಮಾನ ನಿಲ್ದಾಣದ ಸಮೀಪದಲ್ಲಿಯೇ ಬಾಡಿಗೆ ಸಂಸ್ಥೆಗಳ ವಾಹನ ಅಂಗಳಗಳಿವೆ. ಅಲ್ಲಿಂದ ಕ್ಯಾಂಟರ್‌ಬರಿ ಬಯಲನ್ನು ದಾಟಿ, ಜೆರಾಲ್ಡೀನ್ ಮತ್ತು ಫೇರ್ಲಿ ಎಂಬ ಸಣ್ಣ ಊರುಗಳನ್ನು ಹಾದು, ಬರ್ಕ್ಸ್ ಕಣಿವೆಮಾರ್ಗವನ್ನು ಏರಿದರೆ ಮೆಕೆಂಜಿ ಪ್ರಸ್ಥಭೂಮಿ ತೆರೆದುಕೊಳ್ಳುತ್ತದೆ. ಸುಮಾರು 225 ಕಿ.ಮೀ. ಕ್ರಮಿಸಿದಾಗ ಟೆಕಾಪೊ ಸರೋವರ ಎದುರಾಗುತ್ತದೆ.

ಸಮುದ್ರ ಮಟ್ಟದಿಂದ ಸುಮಾರು 710 ಮೀಟರ್ ಎತ್ತರದಲ್ಲಿರುವ ಈ ಸರೋವರದ ನೀರು ಹಾಲು ಬೆರೆಸಿದ ನೀಲಿ ಬಣ್ಣದ್ದು. ಹಿಮನದಿಗಳು ಬಂಡೆಗಳನ್ನು ಉಜ್ಜಿ ಉಜ್ಜಿ ಹಿಟ್ಟಿನಂತೆ ನುಣ್ಣಗೆ ಮಾಡಿದ ಪುಡಿಯು ನೀರಿನಲ್ಲಿ ತಳ ಸೇರದೆ ತೇಲುತ್ತಿರುವುದೇ ಈ ಬಣ್ಣಕ್ಕೆ ಕಾರಣ. ದಡದಲ್ಲಿ 1935ರಲ್ಲಿ ಕಟ್ಟಿದ ಕಲ್ಲಿನ ಪುಟ್ಟ ಇಗರ್ಜಿಯಿದೆ. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ದಡದ ತುಂಬ ನೇರಳೆ, ಗುಲಾಬಿ ವರ್ಣದ ಲೂಪಿನ್ ಹೂಗಳು ಅರಳುತ್ತವೆ. ಛಾಯಾಚಿತ್ರಗಳಲ್ಲಿ ಇವು ಅತ್ಯಂತ ಮನೋಹರ. ಆದರೆ ಹೊರದೇಶದಿಂದ ಬಂದ ಈ ಸಸ್ಯವು ನದಿಪಾತ್ರದ ಜಲ್ಲಿ ದಿಣ್ಣೆಗಳನ್ನು ಆಕ್ರಮಿಸಿ, ಅಲ್ಲಿ ಗೂಡು ಕಟ್ಟುವ ಅಪರೂಪದ ಸ್ಥಳೀಯ ಹಕ್ಕಿಗಳಿಗೆ ನೆಲೆಯಿಲ್ಲದಂತೆ ಮಾಡುತ್ತಿದೆ. ಪ್ರವಾಸಿಗನಿಗೆ ಸೊಗಸಾದುದು ನೆಲಕ್ಕೆ ಹೊರೆಯಾಗಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಟೆಕಾಪೊದ ಇನ್ನೊಂದು ಸಂಪತ್ತು ಅಲ್ಲಿನ ಕತ್ತಲೆ. ಸಮೀಪದ ಮೌಂಟ್ ಜಾನ್ ಬೆಟ್ಟದ ಮೇಲೆ 1965ರಿಂದ ಖಗೋಳ ವೀಕ್ಷಣಾಲಯವಿದೆ. ಅದಕ್ಕೆ ತೊಂದರೆಯಾಗದಂತೆ ಊರಿನ ಹೊರದೀಪಗಳ ಮೇಲೆ 1980ರ ದಶಕದಿಂದಲೇ ನಿಯಂತ್ರಣಗಳನ್ನು ವಿಧಿಸಲಾಯಿತು. 2012ರಲ್ಲಿ ಈ ಪ್ರದೇಶಕ್ಕೆ ಅಂತರರಾಷ್ಟ್ರೀಯ ಕತ್ತಲೆಯಾಗಸ ರಕ್ಷಿತ ಪ್ರದೇಶವೆಂಬ ಮನ್ನಣೆ ದೊರೆಯಿತು. ಇಂದು ನಕ್ಷತ್ರ ವೀಕ್ಷಣೆಯೇ ಅಲ್ಲಿ ಹಣ ತರುವ ವ್ಯವಹಾರವಾಗಿದೆ. ನಕ್ಷತ್ರ ನೋಡಬೇಕಾದವನು ರಾತ್ರಿ ಅಲ್ಲಿಯೇ ತಂಗಲೇಬೇಕಷ್ಟೆ. ದೀಪ ಹಚ್ಚಲು ಅವಕಾಶವಿದ್ದೂ ಹಚ್ಚದಿರುವ ನಿಯಮವು ಊರಿಗೆ ಆದಾಯವಾಗಿ ಹಿಂದಿರುಗಿರುವುದು ಗಮನಾರ್ಹ.

ಮುಂದಿನ ನಿಲುಗಡೆ ಪುಕಾಕಿ ಸರೋವರ. ಅದರ ತುದಿಯಲ್ಲಿ 3,724 ಮೀಟರ್ ಎತ್ತರದ ಅವೊರಾಕಿ ಅಥವಾ ಮೌಂಟ್ ಕುಕ್ ಶಿಖರ ನೀರಿನ ಮೇಲೆ ನಿಂತಂತೆ ಕಾಣುತ್ತದೆ. ಸರೋವರದ ಅಂಚಿನಲ್ಲಿಯೇ ಸಾಗುವ ರಸ್ತೆ ಶಿಖರದ ಬುಡದ ಗ್ರಾಮದವರೆಗೆ ಹೋಗುತ್ತದೆ. ಅಲ್ಲಿ ಸರ್ಕಾರದ ಸಂರಕ್ಷಣಾ ಇಲಾಖೆಯ ವೈಟ್ ಹಾರ್ಸ್ ಹಿಲ್ ಶಿಬಿರತಾಣವಿದೆ. 1987ರಲ್ಲಿ ಸ್ಥಾಪನೆಯಾದ ಈ ಇಲಾಖೆಯು ದೇಶಾದ್ಯಂತ 200ಕ್ಕೂ ಹೆಚ್ಚು ಶಿಬಿರತಾಣಗಳನ್ನು ನಿರ್ವಹಿಸುತ್ತದೆ.

ಇಲ್ಲಿ ಟ್ವೈಜೆಲ್ ಎಂಬ ಊರಿನ ಕಥೆಯನ್ನು ಹೇಳದೆ ಮುಂದುವರಿಯುವಂತಿಲ್ಲ. ಟೆಕಾಪೊ, ಪುಕಾಕಿಗಳು ಕೇವಲ ನೋಟದ ಸರೋವರಗಳಲ್ಲ. ಆ ದೇಶದ ಜಲವಿದ್ಯುತ್ ವ್ಯವಸ್ಥೆಯ ಮುಖ್ಯ ಜಲಾಶಯಗಳೂ ಹೌದು. ವೈಟಾಕಿ ಮೇಲ್ದಂಡೆ ವಿದ್ಯುತ್ ಯೋಜನೆಯ ಕೆಲಸಗಾರರಿಗಾಗಿ 1968ರಲ್ಲಿ ಟ್ವೈಜೆಲ್ ಊರನ್ನು ನಿರ್ಮಿಸಲಾಯಿತು. ಯೋಜನೆ ಮುಗಿದ ಮೇಲೆ ಡೇರೆ ಕಿತ್ತಂತೆ ಅದನ್ನು ಕಿತ್ತುಹಾಕುವುದು ಮೂಲ ಉದ್ದೇಶವಾಗಿತ್ತು. ನಿವಾಸಿಗಳು ಒಪ್ಪಲಿಲ್ಲ. ಅವರ ಹೋರಾಟದ ಫಲವಾಗಿ 1983ರಲ್ಲಿ ಊರು ಉಳಿಯಿತು. ಅಳಿದು ಹೋಗಬೇಕಾಗಿದ್ದ ಆ ಊರು ಇಂದು ಪ್ರವಾಸಿಗರ ದೆಸೆಯಿಂದ ಜೀವ ತಳೆದು ನಿಂತಿದೆ. ವಿದ್ಯುತ್ ಕಾಲುವೆಗಳಲ್ಲಿ ಸಾಲ್ಮನ್ ಮೀನು ಸಾಕಣೆಯೂ ನಡೆಯುತ್ತದೆ. ಶರಾವತಿ ಯೋಜನೆಯ ಕಾಲೋನಿಗಳನ್ನು ಕಂಡ ನಮ್ಮ ಓದುಗರಿಗೆ ಈ ಕಥೆ ತೀರ ಅಪರಿಚಿತವೆನಿಸಲಾರದು.

ಟ್ವೈಜೆಲ್‌ನಿಂದ ದಕ್ಷಿಣಕ್ಕೆ 971 ಮೀಟರ್ ಎತ್ತರದ ಲಿಂಡಿಸ್ ಕಣಿವೆಮಾರ್ಗವನ್ನು ದಾಟಿದರೆ ವನಾಕಾ ಸರೋವರ. ಅಲ್ಲಿಂದ ಕ್ವೀನ್ಸ್‌ಟೌನ್‌ಗೆ ಎರಡು ದಾರಿಗಳಿವೆ. ಒಂದು ಸಾವಿರ ಮೀಟರಿಗೂ ಎತ್ತರದ ಕ್ರೌನ್ ಶ್ರೇಣಿಯ ಕಡಿದಾದ ತಿರುವುಗಳ ರಸ್ತೆ. ಇನ್ನೊಂದು ಕ್ರಾಮ್‌ವೆಲ್ ಮೂಲಕ ಸಾಗುವ, ಉದ್ದವಾದರೂ ಸುಗಮವಾದ ರಸ್ತೆ. ದೊಡ್ಡ ಮೋಟಾರ್ ಹೋಂ ನಡೆಸುವವರಿಗೆ ಎರಡನೆಯದೇ ಕ್ಷೇಮ. ಕ್ವೀನ್ಸ್‌ಟೌನ್ ಇರುವುದು ಸುಮಾರು 290 ಚದರ ಕಿ.ಮೀ. ವಿಸ್ತಾರದ ವಕಾಟಿಪು ಸರೋವರದ ದಡದಲ್ಲಿ. ಕೊನೆಯದಾಗಿ 344 ಚದರ ಕಿ.ಮೀ. ವಿಸ್ತಾರದ, ದಕ್ಷಿಣ ದ್ವೀಪದ ಅತಿ ದೊಡ್ಡ ಸರೋವರವಾದ ಟೆ ಅನಾವು ತಲುಪಿ, ಅಲ್ಲಿಂದ ಸುಮಾರು 120 ಕಿ.ಮೀ. ದೂರದ ಮಿಲ್‌ಫರ್ಡ್ ಸೌಂಡ್ ಎಂಬ ಕಡಲ ಕೊರಕಲನ್ನು ನೋಡಿ ಹಿಂದಿರುಗುವುದು ವಾಡಿಕೆ. ಅವಸರವಿಲ್ಲದೆ ಈ ಹಾದಿಯನ್ನು ಮುಗಿಸಲು ಹತ್ತು ದಿನಗಳಾದರೂ ಬೇಕು.

ಬಾಡಿಗೆ ವ್ಯವಹಾರದ ಒಳನೋಟ

ಈ ವ್ಯವಹಾರದ ಮೂಲ ಸಮಸ್ಯೆ ಋತುಮಾನ. ದಕ್ಷಿಣ ಗೋಳಾರ್ಧದಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೇಸಿಗೆ. ಆ ಮೂರು ತಿಂಗಳು ವಾಹನ ಸಿಗುವುದೇ ಕಷ್ಟ. ಜೂನ್, ಜುಲೈ ತಿಂಗಳುಗಳಲ್ಲಿ ಅವೇ ವಾಹನಗಳು ಅಂಗಳದಲ್ಲಿ ನಿಂತಿರುತ್ತವೆ. ಆದ್ದರಿಂದ ದಿನಬಾಡಿಗೆಯು ವಿಮಾನ ಟಿಕೆಟ್ಟಿನಂತೆ ಬೇಡಿಕೆಗೆ ಅನುಗುಣವಾಗಿ ಏರಿಳಿಯುತ್ತದೆ.

ಈ ಕ್ಷೇತ್ರದ ಅತಿ ದೊಡ್ಡ ಸಂಸ್ಥೆಯಾದ ಟೂರಿಸಂ ಹೋಲ್ಡಿಂಗ್ಸ್‌ನ ಇತಿಹಾಸ ಬೋಧಪ್ರದವಾಗಿದೆ. 1984ರಲ್ಲಿ ಹೆಲಿಕಾಪ್ಟರ್ ಸೇವೆಯ ಕಂಪನಿಯಾಗಿ ಹುಟ್ಟಿದ ಈ ಸಂಸ್ಥೆ ಕ್ರಮೇಣ ಮಾಯಿ, ಬ್ರಿಟ್ಜ್ ಮೊದಲಾದ ಹೆಸರುಗಳಲ್ಲಿ ಮೋಟಾರ್ ಹೋಂ ಬಾಡಿಗೆಯನ್ನೇ ಮುಖ್ಯ ವೃತ್ತಿಯನ್ನಾಗಿ ಮಾಡಿಕೊಂಡಿತು. 2022ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಅಪೊಲೊ ಸಂಸ್ಥೆಯೊಂದಿಗೆ ವಿಲೀನಗೊಂಡಿತು. ವಾಹನವನ್ನು ತಾನೇ ಕಟ್ಟುವುದು, ಕೆಲವು ವರ್ಷ ಬಾಡಿಗೆಗೆ ಓಡಿಸುವುದು, ಅನಂತರ ಸ್ಥಳೀಯ ಗ್ರಾಹಕರಿಗೆ ಮಾರುವುದು, ಈ ಮೂರು ಹಂತಗಳು ಇದರ ವ್ಯವಹಾರ ಕ್ರಮ. ಅಂದರೆ ಲಾಭವು ದಿನಬಾಡಿಗೆಯೊಂದನ್ನೇ ಅವಲಂಬಿಸಿಲ್ಲ. ಹಳೆಯ ವಾಹನಕ್ಕೆ ದೊರೆಯುವ ಮರುಮಾರಾಟದ ಬೆಲೆಯೂ ಅಷ್ಟೇ ಮುಖ್ಯ. ಒಂದು ಲಕ್ಷಕ್ಕೂ ಅಧಿಕ ಸದಸ್ಯರುಳ್ಳ, 1956ರಲ್ಲಿ ಸ್ಥಾಪನೆಯಾದ ನ್ಯೂಜಿಲೆಂಡ್ ಮೋಟಾರ್ ಕ್ಯಾರವಾನ್ ಸಂಘವು ಆ ದೇಶದಲ್ಲಿದೆ ಎಂಬುದನ್ನು ನೆನೆದರೆ, ಹಳೆಯ ವಾಹನಗಳಿಗೆ ಮಾರುಕಟ್ಟೆ ಎಲ್ಲಿಂದ ಬರುತ್ತದೆ ಎಂಬುದು ತಿಳಿಯುತ್ತದೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಗಡಿಗಳು ಮುಚ್ಚಿದಾಗ ವಿದೇಶಿ ಗ್ರಾಹಕರು ಇಲ್ಲವಾದರು. ಆಗ ಬಾಡಿಗೆ ಉದ್ಯಮಕ್ಕೆ ಆಸರೆಯಾದದ್ದು ದೇಶೀಯ ಪ್ರವಾಸಿಗರು ಮತ್ತು ಈ ಮರುಮಾರಾಟದ ಮಾರುಕಟ್ಟೆ.

ಇನ್ನೊಂದು ಸೂಕ್ಷ್ಮವೂ ಇದೆ. ಆಕ್ಲೆಂಡಿನಲ್ಲಿ ವಾಹನ ಪಡೆದು ಕ್ರೈಸ್ಟ್‌ಚರ್ಚ್‌ನಲ್ಲಿ ಬಿಡುವವರು ಹೆಚ್ಚಾದಾಗ ಒಂದು ತುದಿಯಲ್ಲಿ ವಾಹನಗಳು ರಾಶಿ ಬೀಳುತ್ತವೆ. ಅವನ್ನು ಖಾಲಿ ಓಡಿಸಿ ತರುವುದು ನಷ್ಟದ ಬಾಬ್ತು. ಆದ್ದರಿಂದ ನಿಗದಿತ ದಿನಗಳೊಳಗೆ ವಾಹನವನ್ನು ತಲುಪಿಸಲು ಒಪ್ಪುವವರಿಗೆ ನಾಮಮಾತ್ರ ಬಾಡಿಗೆಗೆ ಕೊಡುವ ಪದ್ಧತಿ ಬೆಳೆದಿದೆ. ಬಿಡುವುಳ್ಳ ಯುವಕರಿಗೆ ಅಗ್ಗದ ಪ್ರವಾಸ, ಸಂಸ್ಥೆಗೆ ಚಾಲಕನ ಸಂಬಳದ ಉಳಿತಾಯ.

ತ್ಯಾಜ್ಯದ ಲೆಕ್ಕ

ಈಗ ವಿಷಯದ ತಿರುಳಿಗೆ ಬರೋಣ. ಮೋಟಾರ್ ಹೋಂ ಎಲ್ಲಿ ಬೇಕಾದರೂ ನಿಲ್ಲಬಲ್ಲದು ಎಂಬುದೇ ಅದರ ಆಕರ್ಷಣೆ. ಅದೇ ಅದರ ಅಪಾಯವೂ ಹೌದು.

ವಾಹನವೊಂದು ಹೊರಗಿನ ನೆರವಿಲ್ಲದೆ ತನ್ನ ಅಗತ್ಯಗಳನ್ನು ತಾನೇ ಪೂರೈಸಿಕೊಳ್ಳಬಲ್ಲದೆ ಎಂಬುದನ್ನು ಅಳೆಯಲು ನ್ಯೂಜಿಲೆಂಡ್ 2001ರಲ್ಲಿ ಒಂದು ಮಾನಕವನ್ನು ರೂಪಿಸಿತು. ಅದರ ಪ್ರಕಾರ ವಾಹನದಲ್ಲಿರುವವರು ಮೂರು ದಿನ ಹೊರಗಿನಿಂದ ನೀರು ಪಡೆಯದೆ, ಹೊರಗೆ ತ್ಯಾಜ್ಯ ಸುರಿಯದೆ ಇರಲು ಸಾಧ್ಯವಾಗಬೇಕು. ಪ್ರತಿಯೊಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ಶುದ್ಧ ನೀರು, ಅಷ್ಟೇ ಪ್ರಮಾಣದ ಬಳಸಿದ ನೀರನ್ನು ಹಿಡಿದಿಡುವ ತೊಟ್ಟಿ, ಮತ್ತು ದಿನಕ್ಕೆ 1 ಲೀಟರಿನಂತೆ ಶೌಚ ತ್ಯಾಜ್ಯದ ಸಂಗ್ರಹ ಇರಬೇಕು. ನಾಲ್ವರ ಕುಟುಂಬಕ್ಕೆ ಮೂರು ದಿನಗಳಿಗೆ 48 ಲೀಟರ್ ನೀರು ಮತ್ತು 12 ಲೀಟರ್ ಶೌಚ ತ್ಯಾಜ್ಯದ ಸಾಮರ್ಥ್ಯ ಎಂದಾಯಿತು.

ಈ ಅಂಕಿಗಳು ಚಿಕ್ಕವಾಗಿ ಕಾಣಬಹುದು. ಆದರೆ ಒಂದು ಸರೋವರದ ದಡದಲ್ಲಿ ಇಂಥ 50 ವಾಹನಗಳು ಒಂದು ದಿನ ತಂಗಿವೆ ಎಂದು ಭಾವಿಸೋಣ. ಕನಿಷ್ಠ ಮಾನಕದಂತೆ ಲೆಕ್ಕ ಹಾಕಿದರೂ 800 ಲೀಟರ್ ಬಳಸಿದ ನೀರು, 200 ಲೀಟರ್ ಶೌಚ ತ್ಯಾಜ್ಯ ಸಂಗ್ರಹವಾಗುತ್ತದೆ. ಅದು ಹೋಗಬೇಕಾದ ಸ್ಥಳವೆಂದರೆ ಡಂಪ್ ಸ್ಟೇಷನ್ ಎಂದು ಕರೆಯಲಾಗುವ ವಿಲೇವಾರಿ ಕೇಂದ್ರ. ಅಲ್ಲಿ ವಾಹನದ ತೊಟ್ಟಿಯನ್ನು ಊರಿನ ಒಳಚರಂಡಿಗೆ ಖಾಲಿ ಮಾಡಿ, ತೊಳೆದು, ಬೇರೊಂದು ನಲ್ಲಿಯಿಂದ ಕುಡಿಯುವ ನೀರು ತುಂಬಿಕೊಳ್ಳಬಹುದು. ಇಂಥ ಕೇಂದ್ರವಿಲ್ಲದಿದ್ದರೆ ಅಥವಾ ಅದು ಮೂವತ್ತು ಮೈಲಿ ದೂರವಿದ್ದರೆ, ಆತುರದ ಪ್ರವಾಸಿಗನು ಅದನ್ನು ಪೊದೆಯ ಮರೆಯಲ್ಲಿ ಸುರಿದು ಹೋಗುವ ಸಂಭವವಿರುತ್ತದೆ. ಶೌಚಾಲಯವೇ ಇಲ್ಲದ ಅಗ್ಗದ ವ್ಯಾನುಗಳಲ್ಲಿ ಮಲಗುವವರ ವಿಷಯವಂತೂ ಹೇಳುವುದೇ ಬೇಡ. ಮಾನವ ತ್ಯಾಜ್ಯವು ನೀರಿಗೆ ಸೇರುವುದನ್ನು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರು ಆರೋಗ್ಯದ ಪ್ರಶ್ನೆಯನ್ನಾಗಿ ಮಾತ್ರವಲ್ಲ, ನೀರಿನ ಪಾವಿತ್ರ್ಯಕ್ಕೆ ಬಗೆದ ಅಪಚಾರವೆಂದೂ ಕಾಣುತ್ತಾರೆ. ಕೆರೆ ಕಟ್ಟೆಗಳಿಗೆ ಪೂಜೆ ಸಲ್ಲಿಸುವ ನಮಗೆ ಈ ಭಾವನೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಪಾಯ ತ್ಯಾಜ್ಯದ್ದೊಂದೇ ಅಲ್ಲ. ಡಿಡಿಮೊ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೊಂದು 2004ರಲ್ಲಿ ದಕ್ಷಿಣ ದ್ವೀಪದ ನದಿಯೊಂದರಲ್ಲಿ ಮೊದಲು ಪತ್ತೆಯಾಯಿತು. ಒದ್ದೆಯಾದ ಬೂಟು, ದೋಣಿ, ಮೀನುಗಾರಿಕೆಯ ಬಲೆಗಳ ಮೂಲಕ ಒಂದು ನೀರಿನಿಂದ ಇನ್ನೊಂದಕ್ಕೆ ಹರಡಿ ಅದು ನದಿಯ ತಳವನ್ನೆಲ್ಲ ಕಂಬಳಿಯಂತೆ ಮುಚ್ಚುತ್ತದೆ. ಒಂದೇ ವಾರದಲ್ಲಿ ಐದು ಸರೋವರಗಳನ್ನು ಸುತ್ತುವ ಪ್ರವಾಸಿಗನೇ ಇದಕ್ಕೆ ಉತ್ತಮ ವಾಹಕ. ಪರೀಕ್ಷಿಸಿ, ಶುಚಿಗೊಳಿಸಿ, ಒಣಗಿಸಿ ಎಂಬ ಪ್ರಚಾರ ಆಂದೋಲನ ಹುಟ್ಟಿದ್ದು ಈ ಕಾರಣದಿಂದ.

ಕಾನೂನು ಬೆಳೆದು ಬಂದ ಬಗೆ

2011ರಲ್ಲಿ ನ್ಯೂಜಿಲೆಂಡಿನಲ್ಲಿ ರಗ್ಬಿ ವಿಶ್ವಕಪ್ ನಡೆಯಿತು. ಸಾವಿರಾರು ಅಭಿಮಾನಿಗಳು ವಾಹನಗಳಲ್ಲಿ ದೇಶ ಸುತ್ತುವರೆಂಬ ನಿರೀಕ್ಷೆಯಲ್ಲಿ ಅದೇ ವರ್ಷ ಮುಕ್ತ ಶಿಬಿರ ಕಾಯಿದೆಯನ್ನು ಜಾರಿಗೊಳಿಸಲಾಯಿತು. ಇದರ ಮೂಲ ತತ್ತ್ವ ಉದಾರವಾದುದು. ಸ್ಥಳೀಯ ಸಂಸ್ಥೆಯ ಸಾರ್ವಜನಿಕ ಭೂಮಿಯಲ್ಲಿ, ನಿಷೇಧಿಸದ ಹೊರತು, ತಂಗಲು ಅವಕಾಶವಿದೆ. ನಿಷೇಧಿಸಬೇಕಾದರೆ ಸ್ಥಳೀಯ ಸಂಸ್ಥೆಯು ಮೂರು ಕಾರಣಗಳಲ್ಲಿ ಒಂದನ್ನಾದರೂ ತೋರಿಸಬೇಕು: ಆ ಸ್ಥಳದ ರಕ್ಷಣೆ, ಅಲ್ಲಿಗೆ ಬರುವವರ ಆರೋಗ್ಯ ಮತ್ತು ಸುರಕ್ಷತೆ, ಅಥವಾ ಸ್ಥಳಕ್ಕೆ ಪ್ರವೇಶದ ರಕ್ಷಣೆ. ನಮ್ಮ ಊರಿನ ಹೋಟೆಲುಗಳಿಗೆ ನಷ್ಟವಾಗುತ್ತದೆ ಎಂಬುದು ಈ ಪಟ್ಟಿಯಲ್ಲಿಲ್ಲ ಎಂಬುದನ್ನು ವಾಣಿಜ್ಯೋದ್ಯಮಿಗಳು ಗಮನಿಸಬೇಕು.

ಕ್ವೀನ್ಸ್‌ಟೌನ್ ಸರೋವರ ಜಿಲ್ಲೆಯ ಆಡಳಿತವು ಇದರ ಪೆಟ್ಟನ್ನು ಉಂಡಿತು. 2021ರಲ್ಲಿ ಅದು ರಚಿಸಿದ ಕಟ್ಟುನಿಟ್ಟಿನ ಉಪವಿಧಿಯನ್ನು ಮೋಟಾರ್ ಕ್ಯಾರವಾನ್ ಸಂಘವು ಪ್ರಶ್ನಿಸಿತು. ಕಾಯಿದೆ ಅನುಮತಿಸದ ವಿಚಾರಗಳನ್ನೂ ಪರಿಗಣಿಸಲಾಗಿದೆ ಎಂಬ ಕಾರಣದಿಂದ 2024ರಲ್ಲಿ ಹೈಕೋರ್ಟು ಆ ಉಪವಿಧಿಯನ್ನು ರದ್ದುಪಡಿಸಿತು. ನಿಯಮ ಮಾಡುವವರ ಉದ್ದೇಶ ಒಳ್ಳೆಯದಿದ್ದರೆ ಸಾಲದು, ಅದಕ್ಕೆ ಆಧಾರವನ್ನೂ ದಾಖಲಿಸಬೇಕು ಎಂಬುದು ಈ ಪ್ರಕರಣದ ಪಾಠ.

ಇದಕ್ಕೂ ಮುನ್ನ 2023ರ ಜೂನ್‌ನಲ್ಲಿ ಕೇಂದ್ರ ಕಾನೂನಿಗೇ ಮಹತ್ವದ ತಿದ್ದುಪಡಿ ಬಂದಿತ್ತು. ಅದರಂತೆ, ಸ್ಥಳೀಯ ಸಂಸ್ಥೆಯ ಭೂಮಿಯಲ್ಲಿ ಮುಕ್ತವಾಗಿ ತಂಗುವ ವಾಹನವು ಪ್ರಮಾಣಪತ್ರ ಪಡೆದಿರಬೇಕು. ಬೇರೆ ವಾಹನಗಳು ಸ್ಥಳೀಯ ಸಂಸ್ಥೆ ಗುರುತಿಸಿಕೊಟ್ಟ ಜಾಗಗಳಲ್ಲಿ ಮಾತ್ರ ತಂಗಬಹುದು. ಎತ್ತಿ ಹೊರಗಿಡಬಹುದಾದ ಸಣ್ಣ ಶೌಚ ಪೆಟ್ಟಿಗೆಯನ್ನು ವ್ಯಾನಿನ ಮೂಲೆಯಲ್ಲಿ ಇಟ್ಟು ಪ್ರಮಾಣಪತ್ರ ಪಡೆಯುವ ಪರಿಪಾಠಕ್ಕೆ ತೆರೆ ಎಳೆದು, ಶೌಚಾಲಯವು ವಾಹನಕ್ಕೆ ಸ್ಥಿರವಾಗಿ ಜೋಡಿಸಿದ್ದಾಗಿರಬೇಕು ಎಂದು ವಿಧಿಸಲಾಯಿತು. ಹಳೆಯ ನೀಲಿ ಪ್ರಮಾಣಪತ್ರದ ಸ್ಥಾನದಲ್ಲಿ ಹಸಿರು ಪತ್ರ ಬಂದಿತು. ಇದರ ಮೇಲ್ವಿಚಾರಣೆಯನ್ನು ಕೊಳಾಯಿ, ಅನಿಲ ಮತ್ತು ಒಳಚರಂಡಿ ಕೆಲಸಗಾರರ ನಿಯಂತ್ರಣ ಮಂಡಳಿಗೆ ವಹಿಸಲಾಯಿತು. ಮೊದಲು 200 ಡಾಲರ್ ಇದ್ದ ದಂಡವನ್ನು ತಪ್ಪಿನ ಗಾಂಭೀರ್ಯಕ್ಕೆ ಅನುಸಾರವಾಗಿ 800 ಡಾಲರುಗಳವರೆಗೆ ಏರಿಸಲಾಯಿತು. ದಂಡದ ಹಣವನ್ನು ಬಾಡಿಗೆದಾರನಿಂದಲೇ ವಸೂಲು ಮಾಡುವ ಷರತ್ತು ಬಾಡಿಗೆ ಕರಾರುಗಳಲ್ಲಿ ಇರುತ್ತದೆ.

ಊರಿಗೆ ಬರುವ ಲಾಭ

ಶಿಕ್ಷೆಯಿಂದಷ್ಟೇ ಉದ್ಯಮ ನಡೆಯದು. 2017ರಲ್ಲಿ ಅಲ್ಲಿನ ಸರ್ಕಾರವು ನಾಲ್ಕು ವರ್ಷಗಳಿಗೆ 10 ಕೋಟಿ ಡಾಲರುಗಳ ಪ್ರವಾಸೋದ್ಯಮ ಮೂಲಸೌಕರ್ಯ ನಿಧಿಯನ್ನು ಘೋಷಿಸಿತು. ಶೌಚಾಲಯ, ವಾಹನ ನಿಲುಗಡೆ, ಒಳಚರಂಡಿಗಳಂಥ ಕಾಮಗಾರಿಗಳಿಗೆ ಸಣ್ಣ ಊರುಗಳು ಇದರಿಂದ ನೆರವು ಪಡೆದವು. 2019ರ ಜುಲೈನಿಂದ ವಿದೇಶಿ ಪ್ರವಾಸಿಗರಿಗೆ 35 ಡಾಲರ್ ಶುಲ್ಕವನ್ನು ವಿಧಿಸಲಾಯಿತು. 2024ರ ಅಕ್ಟೋಬರಿನಲ್ಲಿ ಅದು 100 ಡಾಲರಿಗೆ ಏರಿತು. ಅಂದರೆ, ಶುಚಿ ಮಾಡುವ ವೆಚ್ಚದ ಒಂದು ಭಾಗವನ್ನು ಬರುವವನೇ ಕೊಡಲಿ ಎಂಬ ನಿಲುವು.

ಇನ್ನೊಂದೆಡೆ ಮೋಟಾರ್ ಕ್ಯಾರವಾನ್ ಸಂಘವು ಮೋಟಾರ್ ಹೋಂ ಸ್ನೇಹಿ ಊರು ಎಂಬ ಮನ್ನಣೆಯನ್ನು ನೀಡುತ್ತದೆ. ವಿಲೇವಾರಿ ಕೇಂದ್ರ, ಕುಡಿಯುವ ನೀರು, ದೊಡ್ಡ ವಾಹನಗಳಿಗೆ ನಿಲುಗಡೆ, ಅಂಗಡಿ ಮತ್ತು ವೈದ್ಯಕೀಯ ಸೌಲಭ್ಯಗಳಿರುವ ಊರುಗಳು ಈ ಫಲಕವನ್ನು ಹಾಕಿಕೊಳ್ಳಬಹುದು. ಇದರ ಹಿಂದಿನ ತರ್ಕ ಸರಳವಾಗಿದೆ. ತೊಟ್ಟಿ ಖಾಲಿ ಮಾಡಲು ನಿಂತ ವಾಹನವು ಡೀಸೆಲ್ ತುಂಬಿಸಿಕೊಳ್ಳುತ್ತದೆ. ಡೀಸೆಲ್ ತುಂಬಿಸಿಕೊಂಡವನು ತರಕಾರಿ ಕೊಳ್ಳುತ್ತಾನೆ. ತರಕಾರಿ ಕೊಂಡವನು ಒಂದು ಕಾಫಿಯನ್ನೂ ಕುಡಿಯುತ್ತಾನೆ. ಕೊಠಡಿ ಬಾಡಿಗೆ ಸಿಗದಿದ್ದರೂ ಕಿರಾಣಿ ಅಂಗಡಿ, ಗ್ಯಾರೇಜು, ಬೇಕರಿ, ದೋಣಿ ವಿಹಾರಗಳಿಗೆ ವ್ಯಾಪಾರವಾಗುತ್ತದೆ. ಒಂದು ನಲ್ಲಿ ಮತ್ತು ಒಂದು ಚರಂಡಿಯ ಮೇಲಿನ ಬಂಡವಾಳವು ಇಡೀ ಪೇಟೆಗೆ ಗ್ರಾಹಕರನ್ನು ತರುವುದು ಹೀಗೆ.

ಪ್ರವಾಸ ಹೊರಡುವವರಿಗೆ ಕೆಲವು ಸೂಚನೆಗಳು

ನಮ್ಮ ಸದಸ್ಯರಲ್ಲಿ ಕುಟುಂಬದೊಂದಿಗೆ ಈ ಪ್ರವಾಸವನ್ನು ಕೈಗೊಳ್ಳಬಯಸುವವರು ಇರಬಹುದು. ಅಂಥವರ ಅನುಕೂಲಕ್ಕಾಗಿ ಕೆಲವು ಅಂಶಗಳನ್ನು ಇಲ್ಲಿ ಕೊಡಲಾಗಿದೆ.

1. ನಮ್ಮಂತೆಯೇ ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಚಾಲನಾ ಪರವಾನಗಿ ಇಂಗ್ಲಿಷಿನಲ್ಲಿರಬೇಕು, ಇಲ್ಲವೆ ಅಂಗೀಕೃತ ಅನುವಾದ ಅಥವಾ ಅಂತರರಾಷ್ಟ್ರೀಯ ಪರವಾನಗಿ ಜೊತೆಗಿರಬೇಕು. ಹೆದ್ದಾರಿಯ ವೇಗಮಿತಿ ಸಾಮಾನ್ಯವಾಗಿ ಗಂಟೆಗೆ 100 ಕಿ.ಮೀ. ಆದರೂ 3,500 ಕೆ.ಜಿ.ಗಿಂತ ಭಾರದ ವಾಹನಗಳಿಗೆ ಮಿತಿ 90 ಕಿ.ಮೀ. ಸರೋವರ ಪ್ರದೇಶದ ಅಡ್ಡಗಾಳಿ, ಒಂದೇ ವಾಹನ ದಾಟಬಲ್ಲ ಸೇತುವೆಗಳು ಮತ್ತು ತಿರುವುಗಳಿಂದಾಗಿ ನಿಜವಾದ ವೇಗ ಇನ್ನೂ ಕಡಿಮೆ. ಹಿಂದೆ ವಾಹನಗಳು ಸಾಲುಗಟ್ಟಿದರೆ ಬದಿಗೆ ಸರಿದು ದಾರಿ ಬಿಡುವುದು ಅಲ್ಲಿನ ಶಿಷ್ಟಾಚಾರ.

2. ಡೀಸೆಲ್ ವಾಹನಗಳಿಗೆ ಓಡಿದ ಕಿ.ಮೀ. ಲೆಕ್ಕದಲ್ಲಿ ರಸ್ತೆ ಬಳಕೆ ಶುಲ್ಕ ಪ್ರತ್ಯೇಕವಾಗಿದೆ. ದಿನಬಾಡಿಗೆಯಲ್ಲಿ ಇದು ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ವಿಮೆಯ ಹೊರತಾಗಿ ಗ್ರಾಹಕನೇ ಭರಿಸಬೇಕಾದ ಮೊತ್ತ, ಬೇರೆ ಊರಿನಲ್ಲಿ ವಾಹನ ಬಿಡುವ ಶುಲ್ಕ, ದೋಣಿಯಲ್ಲಿ ಕುಕ್ ಜಲಸಂಧಿ ದಾಟಿಸುವ ದರ (ಇದು ವಾಹನದ ಉದ್ದವನ್ನು ಅವಲಂಬಿಸಿದೆ), ಇವನ್ನೆಲ್ಲ ಕೂಡಿಸಿದ ಮೇಲೆಯೇ ಹೋಟೆಲ್ ಪ್ರವಾಸದೊಂದಿಗೆ ಹೋಲಿಸುವುದು ಸೂಕ್ತ.

3. ಕ್ವೀನ್ಸ್‌ಟೌನ್ ಸಮೀಪದ ಸ್ಕಿಪ್ಪರ್ಸ್ ಕಣಿವೆ ರಸ್ತೆಯಂಥ ಕೆಲವು ಮಾರ್ಗಗಳಲ್ಲಿ ಬಾಡಿಗೆ ವಾಹನಗಳಿಗೆ ವಿಮಾ ರಕ್ಷಣೆ ಇರುವುದಿಲ್ಲ. ಚಳಿಗಾಲದಲ್ಲಿ ಲಿಂಡಿಸ್ ಕಣಿವೆಮಾರ್ಗ ಮತ್ತು ಮಿಲ್‌ಫರ್ಡ್ ರಸ್ತೆಗಳಲ್ಲಿ ಹಿಮ ಬೀಳುವುದರಿಂದ ಚಕ್ರಗಳಿಗೆ ಕಟ್ಟುವ ಸರಪಳಿ ಅಗತ್ಯವಾಗಬಹುದು.

4. ಸಸ್ಯಾಹಾರಿಗಳಿಗೆ ಸ್ವಂತ ಅಡುಗೆಯ ಅನುಕೂಲವು ದೊಡ್ಡ ವರವೇ ಸರಿ. ಆದರೆ ಮನೆಯ ಉಪ್ಪಿನಕಾಯಿ, ಸಾರಿನ ಪುಡಿ, ತುಪ್ಪಗಳನ್ನು ಸದ್ದಿಲ್ಲದೆ ಒಯ್ಯುವಂತಿಲ್ಲ. ಎಲ್ಲ ಆಹಾರ ಪದಾರ್ಥಗಳನ್ನೂ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು. ತಪ್ಪಿದಲ್ಲಿ ಸ್ಥಳದಲ್ಲಿಯೇ 400 ಡಾಲರ್ ದಂಡ ಬೀಳುತ್ತದೆ.

5. ವಾಹನ ಪಡೆಯುವ ದಿನ ತೊಟ್ಟಿ ತುಂಬುವ, ಖಾಲಿ ಮಾಡುವ ಕ್ರಮವನ್ನು ಸಿಬ್ಬಂದಿಯಿಂದ ಸ್ವತಃ ಮಾಡಿಸಿ ನೋಡಿಕೊಳ್ಳಬೇಕು. ಕುಡಿಯುವ ನೀರಿನ ಕೊಳವೆಯನ್ನೂ ತ್ಯಾಜ್ಯ ತೊಳೆಯುವ ಕೊಳವೆಯನ್ನೂ ಎಂದಿಗೂ ಅದಲು ಬದಲು ಮಾಡಬಾರದು. ಮೊದಲೆರಡು ರಾತ್ರಿಗಳನ್ನು ಎಲ್ಲ ಸೌಲಭ್ಯಗಳುಳ್ಳ ಶುಲ್ಕಸಹಿತ ತಂಗುದಾಣದಲ್ಲಿ ಕಳೆಯುವುದು ಜಾಣತನ.

ನಮ್ಮ ನಾಡಿಗೆ ಅನ್ವಯ

ಭಾರತ ಸರ್ಕಾರದ ಪ್ರವಾಸೋದ್ಯಮ ಸಚಿವಾಲಯವು ಹಿಂದೆಯೇ ಕ್ಯಾರವಾನ್ ಮತ್ತು ಕ್ಯಾರವಾನ್ ಉದ್ಯಾನಗಳ ಅಭಿವೃದ್ಧಿಗೆ ನೀತಿಯೊಂದನ್ನು ಪ್ರಕಟಿಸಿತು. ನೆರೆಯ ಕೇರಳವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಘೋಷಿಸಿ, ಮರುವರ್ಷ ವಾಗಮಣ್‌ನಲ್ಲಿ ಮೊದಲ ಉದ್ಯಾನವನ್ನು ತೆರೆಯಿತು. ಕರ್ನಾಟಕದಲ್ಲಿಯೂ ಈ ಬಗೆಯ ವಾಹನಗಳು ರಸ್ತೆಗಿಳಿದಿವೆ. ಲಿಂಗನಮಕ್ಕಿ, ಭದ್ರಾ, ಕಬಿನಿಗಳ ಹಿನ್ನೀರಿನ ತೀರಗಳು ಚೆಲುವಿನಲ್ಲಿ ಯಾವ ದೇಶದ ಸರೋವರಗಳಿಗೂ ಕಡಿಮೆಯಲ್ಲ.

ಆದರೆ ಈ ಹಿನ್ನೀರುಗಳು ಕೇವಲ ನೋಟಕ್ಕಾಗಿ ಇರುವುವಲ್ಲ. ಇದೇ ನೀರು ಕೆಳಗಿನ ಊರುಗಳ ಕುಡಿಯುವ ನೀರು, ಗದ್ದೆಗಳ ನೀರು. ಕಬಿನಿಯ ತೀರವಂತೂ ಕಾಡಾನೆಗಳು ನೀರು ಕುಡಿಯಲು ಬರುವ ತಾಣ. ಇಂಥ ಕಡೆ ವಾಹನ ಕೊಳ್ಳುವ ಯೋಚನೆಯನ್ನು ಮೊದಲು ಮಾಡಿ ತ್ಯಾಜ್ಯದ ಯೋಚನೆಯನ್ನು ಆಮೇಲೆ ಮಾಡುವುದು ತಲೆಕೆಳಗಾದ ಕ್ರಮವಾಗುತ್ತದೆ. ನ್ಯೂಜಿಲೆಂಡ್ 2001ರಲ್ಲಿ ಮಾನಕ, 2011ರಲ್ಲಿ ಕಾಯಿದೆ, 2017ರಲ್ಲಿ ನಿಧಿ, 2023ರಲ್ಲಿ ತಿದ್ದುಪಡಿ ಎಂದು ಎರಡು ದಶಕಗಳಲ್ಲಿ ಎಡವುತ್ತ ಕಲಿತದ್ದನ್ನು ನಾವು ಆರಂಭದಲ್ಲಿಯೇ ಅಳವಡಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಇದರಲ್ಲಿ ಉದ್ಯಮಿಗಳಿಗೆ ಅವಕಾಶವೂ ಇದೆ. ಲಕ್ಷಾಂತರ ರೂಪಾಯಿಗಳ ವಾಹನವನ್ನು ಕೊಳ್ಳಲಾರದವರು ತಂಗುದಾಣವನ್ನು ನಡೆಸಬಹುದು. ಹೆದ್ದಾರಿಯ ಪೆಟ್ರೋಲ್ ಬಂಕಿನ ಮಾಲೀಕರು ಶುದ್ಧ ನೀರಿನ ನಲ್ಲಿ, ವಿದ್ಯುತ್ ಸಂಪರ್ಕ ಮತ್ತು ಶಾಸ್ತ್ರೀಯವಾದ ವಿಲೇವಾರಿ ಗುಂಡಿಯನ್ನು ಒದಗಿಸಿ ಶುಲ್ಕ ಪಡೆಯಬಹುದು. ತೋಟದ ಮಾಲೀಕರು ನೀರಿನಿಂದ ಸುರಕ್ಷಿತ ದೂರದಲ್ಲಿ ನಾಲ್ಕು ವಾಹನಗಳಿಗೆ ಜಾಗ ಕೊಟ್ಟು, ಹಾಲು, ತರಕಾರಿ, ಬೆಳಗಿನ ಉಪಾಹಾರವನ್ನು ಮಾರಬಹುದು. ಗ್ಯಾರೇಜುಗಳಿಗೆ ದುರಸ್ತಿಯ ಹೊಸ ಕ್ಷೇತ್ರ ತೆರೆದುಕೊಳ್ಳುತ್ತದೆ. ಜಿಲ್ಲಾ ಮಟ್ಟದ ವಾಣಿಜ್ಯ ಸಂಸ್ಥೆಗಳು ಗ್ರಾಮ ಪಂಚಾಯಿತಿಗಳೊಡನೆ ಕುಳಿತು, ಎಲ್ಲಿ ತಂಗಬಹುದು, ಎಲ್ಲಿ ಕೂಡದು, ಶುಲ್ಕದಲ್ಲಿ ಊರಿನ ಪಾಲೆಷ್ಟು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಉಪಸಂಹಾರ

ಮೋಟಾರ್ ಹೋಂ ಪ್ರವಾಸದ ಜಾಹೀರಾತುಗಳಲ್ಲಿ ಕಾಣುವುದು ನೀಲಿ ಸರೋವರ, ಅದರ ದಡದಲ್ಲಿ ಬಿಳಿಯ ವಾಹನ, ಮುಂದೆ ಎರಡು ಮಡಚುವ ಕುರ್ಚಿ. ಆ ಚಿತ್ರದಲ್ಲಿ ಕಾಣದಿರುವುದು ಊರಿನ ಹೊರವಲಯದಲ್ಲಿರುವ ಸಿಮೆಂಟಿನ ಸಣ್ಣ ಕಟ್ಟೆ, ಒಂದು ಮುಚ್ಚಳ ಮತ್ತು ಎರಡು ನಲ್ಲಿಗಳು. ಸರೋವರವು ವರ್ಷದಿಂದ ವರ್ಷಕ್ಕೆ ನೀಲಿಯಾಗಿಯೇ ಉಳಿದು ಪ್ರವಾಸಿಗರನ್ನು ಮತ್ತೆ ಮತ್ತೆ ಕರೆಯುವಂತಿರಬೇಕಾದರೆ ಆ ಕಟ್ಟೆ ಇರಬೇಕು, ಅದನ್ನು ತೊಳೆಯುವವನಿಗೆ ಸಂಬಳ ದೊರೆಯಬೇಕು, ಆ ಸಂಬಳವನ್ನು ಅಲ್ಲಿ ತಂಗುವವನು ಕೊಡಬೇಕು. ಈ ಮೂರೂ ಕೂಡಿದಲ್ಲಿ ಮಾತ್ರ ಸಂಚಾರಿ ಮನೆಯು ಊರಿಗೆ ಅತಿಥಿಯಾಗುತ್ತದೆ, ಇಲ್ಲವಾದಲ್ಲಿ ಹೊರೆಯಾಗುತ್ತದೆ. ನಮ್ಮ ಹಿನ್ನೀರಿನ ತೀರಗಳಲ್ಲಿ ಈ ಉದ್ಯಮವನ್ನು ಆರಂಭಿಸುವವರು ಆ ಕಟ್ಟೆಯಿಂದಲೇ ಆರಂಭಿಸಲಿ ಎಂಬುದು ನಮ್ಮ ಆಶಯ.